ಕಾಣದ ಮಂಜುಗಡ್ಡೆ, ಜಾರುವ ಹೆದ್ದಾರಿ

ಮಗನೋ ಮಗಳೋ ಅಮೆರಿಕದಲ್ಲಿರುವುದು ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂದು ವಿಶೇಷವೆನಿಸದ ಸಂಗತಿಯಾಗಿದೆ. ದಾವಣಗೆರೆ, ಧಾರವಾಡ, ತುಮಕೂರು, ಕಲಬುರಗಿಗಳಿಂದ ಹೊರಟ ಮಕ್ಕಳು ಮಿಷಿಗನ್, ಇಲಿನಾಯ್, ಒಹಾಯೊ, ನ್ಯೂಜೆರ್ಸಿ, ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ಓದುತ್ತಲೋ ಉದ್ಯೋಗ ಮಾಡುತ್ತಲೋ ನೆಲೆಸಿದ್ದಾರೆ. ಡಿಸೆಂಬರ್ ಬಂದಿತೆಂದರೆ ಇಲ್ಲಿಂದ ತಾಯಂದಿರು ದೂರವಾಣಿಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಬೆಚ್ಚಗೆ ಹೊದ್ದುಕೋ, ಕಿವಿ ಮುಚ್ಚಿಕೋ, ತಣ್ಣೀರು ಕುಡಿಯಬೇಡ. ಮೈಗೆ ತಗಲುವ ಚಳಿಯನ್ನು ನಾವು ಬಲ್ಲೆವು, ಆದ್ದರಿಂದ ಅದಕ್ಕೆ ಅಂಜುತ್ತೇವೆ. ಆದರೆ ಆ ದೇಶದ ಚಳಿಗಾಲದಲ್ಲಿ ಮೈಗೆ ತಗಲುವ ಚಳಿಗಿಂತ ವಾಹನದ ಚಕ್ರದಡಿಗೆ ಸಿಕ್ಕುವ ಚಳಿಯೇ ಹೆಚ್ಚು ಘೋರವಾದದ್ದು. ಅಲ್ಲಿನ ಒಕ್ಕೂಟ ಹೆದ್ದಾರಿ ಆಡಳಿತವು ಪ್ರಕಟಿಸಿರುವ ಸರಾಸರಿಯಂತೆ, ಹಿಮ ಮತ್ತು ಮಂಜುಗಡ್ಡೆ ಕವಿದ ರಸ್ತೆಗಳ ಮೇಲಿನ ಅಪಘಾತಗಳಲ್ಲಿ ಪ್ರತಿವರ್ಷ 1,300ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುತ್ತಾರೆ. ಗಾಯಗೊಳ್ಳುವವರ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ.

ಈ ವಿಷಯವನ್ನು ಕುಟುಂಬಗಳೆಲ್ಲ ಓದುವ ಪತ್ರಿಕೆಯಲ್ಲಿ ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಮಕ್ಕಳು ವಾಹನ ನಡೆಸಲು ಕಲಿತದ್ದು ನೀರು ರಸ್ತೆಯ ಮೇಲೆ ಎಂದೂ ಹೆಪ್ಪುಗಟ್ಟದ ನಾಡಿನಲ್ಲಿ. ಕೈಕಾಲುಗಳು ಇಲ್ಲಿ ರೂಢಿಸಿಕೊಂಡ ಚಾತುರ್ಯ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಕೆಲವೊಮ್ಮೆ ಅದೇ ಶತ್ರುವಾಗುತ್ತದೆ. ಬೆಂಗಳೂರಿನ ಸಂದಣಿಯಲ್ಲಿ ಎಮ್ಮೆ, ಆಟೋ, ಬಿ.ಎಂ.ಟಿ.ಸಿ. ಬಸ್ಸುಗಳ ನಡುವೆ ನುಸುಳಿಕೊಂಡು ಹೋಗಬಲ್ಲ ತರುಣನು ತನ್ನನ್ನು ನಿಪುಣನೆಂದು ಭಾವಿಸುವುದು ಸಹಜ. ಆ ನೈಪುಣ್ಯದ ಜೀವಾಳವೆಲ್ಲ ಇರುವುದು ಥಟ್ಟನೆ ಬ್ರೇಕ್ ಒತ್ತುವುದರಲ್ಲಿ, ಥಟ್ಟನೆ ಸ್ಟೀರಿಂಗ್ ತಿರುಗಿಸುವುದರಲ್ಲಿ. ಮಂಜುಗಡ್ಡೆಯ ಮೇಲೆ ಮಾಡಬಾರದ ಎರಡು ಕೆಲಸಗಳೂ ಇವೇ.

ಮೊದಲು ಈ ಮಂಜುಗಡ್ಡೆಯ ಸ್ವರೂಪವನ್ನು ತಿಳಿಯೋಣ. ಬೆಳ್ಳಗೆ ಹತ್ತಿಯಂತೆ ಸುರಿಯುವ ಹಿಮವನ್ನು ನಾವು ಚಿತ್ರಗಳಲ್ಲಿ ನೋಡಿದ್ದೇವೆ. ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಚಾಲಕನು ತಾನಾಗಿಯೇ ಎಚ್ಚರಗೊಳ್ಳುತ್ತಾನೆ. ನಿಜವಾದ ಭಯವಿರುವುದು ಕಾಣದ ಪದರದಲ್ಲಿ. ಅಲ್ಲಿನ ಜನ ಇದನ್ನು ‘ಬ್ಲ್ಯಾಕ್ ಐಸ್’ ಎನ್ನುತ್ತಾರೆ. ಹೆಸರಿನಲ್ಲಿ ಕಪ್ಪು ಇದ್ದರೂ ಅದಕ್ಕೆ ಯಾವ ಬಣ್ಣವೂ ಇಲ್ಲ; ಗಾಳಿಯ ಗುಳ್ಳೆಗಳಿಲ್ಲದೆ ಗಾಜಿನಷ್ಟು ತಿಳಿಯಾಗಿ ಹೆಪ್ಪುಗಟ್ಟಿದ ತೆಳುಪದರವಾದ್ದರಿಂದ ಕೆಳಗಿನ ಡಾಂಬರಿನ ಕಪ್ಪೇ ಅದರ ಮೂಲಕ ತೋರುತ್ತದೆ. ರಸ್ತೆ ಸ್ವಲ್ಪ ಒದ್ದೆಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ಹಳ್ಳಿಗಳ ಬಾವಿಯ ಮೆಟ್ಟಿಲಿನ ಮೇಲೆ ಪಾಚಿ ಕಟ್ಟಿದ್ದರೆ ಹಸಿರು ಬಣ್ಣವಾದರೂ ಎಚ್ಚರಿಸುತ್ತದೆ. ಮುಂಗಾರಿನ ಮೊದಲ ಮಳೆಗೆ ಎರೆಭೂಮಿಯ ದಾರಿ ಬೆಣ್ಣೆಯಂತಾದಾಗ ಎತ್ತುಗಳೇ ಹೆಜ್ಜೆ ಹಿಂದೆಗೆಯುತ್ತವೆ. ಇಲ್ಲಿ ಅಂಥ ಯಾವ ಸೂಚನೆಯೂ ಇಲ್ಲ.

ಮಂಜುಗಡ್ಡೆ ಅಷ್ಟು ಜಾರುವುದೇಕೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನೂ ಬಹುಕಾಲ ಕಾಡಿದೆ. ಗಡ್ಡೆಯ ಮೇಲ್ಮೈಯಲ್ಲಿ ಅತಿ ತೆಳುವಾದ, ನೀರಿನಂತಹ ಒಂದು ಪದರ ಸದಾ ಇರುತ್ತದೆಯೆಂದು ಮೈಕೇಲ್ ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದನು. ನಂತರದ ಸಂಶೋಧನೆಗಳು ಆ ಮಾತನ್ನು ಬೆಂಬಲಿಸಿವೆ. ಇದರಿಂದ ಒಂದು ವಿಚಿತ್ರ ಪರಿಣಾಮವುಂಟಾಗುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಕಡುಚಳಿಯಲ್ಲಿ ಒಣಗಿದಂತಿರುವ ಗಡ್ಡೆಗಿಂತ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕರಗಲೋ ಬೇಡವೋ ಎಂಬಂತಿರುವ ಗಡ್ಡೆ ಟೈರಿಗೆ ಹೆಚ್ಚು ಅಪಾಯಕಾರಿ. ‘ಇವತ್ತು ಚಳಿ ಅಷ್ಟಿಲ್ಲ, ಹೊರಡೋಣ’ ಎನ್ನುವ ದಿನವೇ ರಸ್ತೆ ಹೆಚ್ಚು ಜಾರುವ ದಿನವಾಗಿರಬಹುದು.

ಗಾಳಿಯ ಉಷ್ಣತೆಯೂ ರಸ್ತೆಯ ಉಷ್ಣತೆಯೂ ಒಂದೇ ಅಲ್ಲವೆಂಬುದನ್ನು ಸಹ ಗಮನದಲ್ಲಿಡಬೇಕು. ಕಾರಿನೊಳಗಿನ ಫಲಕ ತೋರಿಸುವುದು ಗಾಳಿಯ ಉಷ್ಣತೆಯನ್ನು. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಆದ್ದರಿಂದ ಫಲಕದಲ್ಲಿ ಎರಡು ಮೂರು ಡಿಗ್ರಿ ಎಂದಿದ್ದಾಗಲೂ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿರಬಹುದು. ಸೂರ್ಯೋದಯದ ಆಸುಪಾಸಿನ ಹೊತ್ತು ದಿನದಲ್ಲೆಲ್ಲ ಅತ್ಯಂತ ತಣ್ಣನೆಯದು. ಮುಂಜಾನೆ ಕೆಲಸಕ್ಕೆ ಹೊರಡುವವರ ಹೊತ್ತೂ ಅದೇ. ಇನ್ನು ಸೇತುವೆಗಳ ಮಾತು. ನೆಲದ ಮೇಲಿನ ರಸ್ತೆಗೆ ಭೂಮಿಯ ಒಡಲಿನ ಬಿಸಿ ಸ್ವಲ್ಪವಾದರೂ ಆಸರೆಯಾಗಿರುತ್ತದೆ. ಸೇತುವೆಗೆ ಕೆಳಗೂ ಗಾಳಿ, ಮೇಲೂ ಗಾಳಿ. ಎರಡೂ ಕಡೆಯಿಂದ ಶಾಖ ಸೋರಿಹೋಗಿ ಅದು ಎಲ್ಲಕ್ಕಿಂತ ಮೊದಲೇ ಹೆಪ್ಪುಗಟ್ಟುತ್ತದೆ. ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತದೆಯೆಂದು ಎಚ್ಚರಿಸುವ ಫಲಕಗಳನ್ನು ಅಮೆರಿಕದ ಹೆದ್ದಾರಿಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಬೇಸಿಗೆಯಲ್ಲೂ ಅವು ಅಲ್ಲಿಯೇ ಇರುವುದರಿಂದ ಚಳಿಗಾಲದಲ್ಲಿ ಅವುಗಳನ್ನು ಓದುವವರು ಕಡಿಮೆ.

ಇವೆಲ್ಲವೂ ಒಂದೆಡೆ ಕೂಡಿಬಂದರೆ ಏನಾಗುತ್ತದೆಂಬುದಕ್ಕೆ 2021ರ ಫೆಬ್ರವರಿ 11ರ ದುರಂತವೇ ಸಾಕ್ಷಿ. ಆ ದಿನ ಅಪಘಾತ ನಡೆದದ್ದು ಹಿಮಕ್ಕೆ ಹೆಸರಾದ ಉತ್ತರದ ರಾಜ್ಯದಲ್ಲಲ್ಲ. ನಮ್ಮವರು ‘ನಮ್ಮ ಊರಿನಂತೆಯೇ ಬಿಸಿಲು’ ಎಂದು ಮೆಚ್ಚಿ ನೆಲೆಸುವ ಟೆಕ್ಸಾಸಿನಲ್ಲಿ, ಡಲ್ಲಾಸಿಗೆ ಅಂಟಿಕೊಂಡಂತಿರುವ ಫೋರ್ಟ್‌ವರ್ತ್ ನಗರದಲ್ಲಿ. ಅಂತರರಾಜ್ಯ ಹೆದ್ದಾರಿ 35 ಡಬ್ಲ್ಯುವಿನಲ್ಲಿ ಸುಂಕ ಕೊಟ್ಟು ವೇಗವಾಗಿ ಸಾಗುವವರಿಗೆಂದು ಪ್ರತ್ಯೇಕ ಪಥಗಳಿವೆ. ಎರಡೂ ಬದಿಗೆ ಕಾಂಕ್ರೀಟ್ ಗೋಡೆ. ಒಂದು ಭಾಗದಲ್ಲಿ ರಸ್ತೆ ಸೇತುವೆಯಂತೆ ನೆಲದಿಂದ ಎತ್ತರಿಸಲ್ಪಟ್ಟಿದೆ. ಅನುಮತಿಸಿದ ವೇಗ ಗಂಟೆಗೆ 75 ಮೈಲಿ, ಎಂದರೆ ಸುಮಾರು 120 ಕಿಲೋಮೀಟರು. ಅಂದು ಬೆಳಗಿನ ಜಾವ ಅಲ್ಲಿ ಸುರಿದದ್ದು ಹಿಮವಲ್ಲ, ಹೆಪ್ಪುಗಟ್ಟುವ ಮಳೆ. ಆಕಾಶದ ಮೇಲುಭಾಗದಲ್ಲಿ ಬೆಚ್ಚನೆಯ ಗಾಳಿಯ ಪದರವಿದ್ದು ಹಿಮ ಕರಗಿ ಹನಿಯಾಗುತ್ತದೆ. ನೆಲದ ಸಮೀಪದಲ್ಲಿ ಸೊನ್ನೆಗಿಂತ ಕೆಳಗಿನ ತಣ್ಣನೆಯ ತೆಳುಪದರವನ್ನು ಹಾಯ್ದು ಬರುವ ಆ ಹನಿ ದ್ರವವಾಗಿಯೇ ಉಳಿದು, ನೆಲವನ್ನು ಮುಟ್ಟಿದ ಕ್ಷಣದಲ್ಲಿ ಗಾಜಾಗಿ ಅಂಟಿಕೊಳ್ಳುತ್ತದೆ. ಚಳಿಗಾಲದ ಮಳೆಗಳಲ್ಲಿ ಇದರಷ್ಟು ಕಪಟಿಯಾದದ್ದು ಇನ್ನೊಂದಿಲ್ಲ.

ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ, ಇನ್ನೂ ಕತ್ತಲಿರುವಾಗ, ಆ ಎತ್ತರದ ಭಾಗದಲ್ಲಿ ಮೊದಲ ವಾಹನಗಳು ಜಾರಿ ಅಡ್ಡವಾದವು. ಹಿಂದೆ ಬಂದವರಿಗೆ ನಿಲ್ಲಲಾಗಲಿಲ್ಲ. ಪಕ್ಕಕ್ಕೆ ಸರಿಯಲು ಗೋಡೆಗಳು ಬಿಡಲಿಲ್ಲ. ಕಾರಿನ ಮೇಲೆ ಕಾರು, ಕಾರುಗಳ ಮೇಲೆ ಭಾರಿ ಟ್ರಕ್ಕುಗಳು ಬಂದು ಅಪ್ಪಳಿಸಿದವು. 130ಕ್ಕೂ ಹೆಚ್ಚು ವಾಹನಗಳು ಒಂದೇ ರಾಶಿಯಾಗಿ ಬಿದ್ದವು. ಆರು ಮಂದಿ ಸತ್ತರು. ಹಲವಾರು ಜನ ಆಸ್ಪತ್ರೆ ಸೇರಿದರು. ಅಪಘಾತಕ್ಕೆ ಸಿಲುಕಿದವರಲ್ಲಿ ಬೆಳಗಿನ ಪಾಳಿಗೆ ಹೊರಟಿದ್ದ ಅಥವಾ ರಾತ್ರಿಪಾಳಿ ಮುಗಿಸಿ ಮರಳುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ಅನೇಕರಿದ್ದರು. ಕೊರೋನಾ ರೋಗಿಗಳ ಸೇವೆಯಲ್ಲಿ ವರ್ಷವಿಡೀ ದುಡಿದಿದ್ದ ಜನ ಅವರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಈ ದುರಂತವನ್ನು ಸುಮಾರು ಎರಡು ವರ್ಷ ತನಿಖೆ ಮಾಡಿ 2023ರಲ್ಲಿ ತನ್ನ ನಿರ್ಣಯವನ್ನು ತಿಳಿಸಿತು. ರಸ್ತೆಗೆ ಉಪ್ಪಿನ ದ್ರಾವಣ ಸಿಂಪಡಿಸಿದ್ದು ಅಪಘಾತಕ್ಕೆ ಸುಮಾರು 44 ಗಂಟೆ ಮುಂಚೆ. ಎತ್ತರದ ಭಾಗದಲ್ಲಿ ಗಡ್ಡೆ ಕಟ್ಟುತ್ತಿರುವುದನ್ನು ರಸ್ತೆಯ ನಿರ್ವಹಣೆ ಹೊತ್ತವರು ಸಕಾಲದಲ್ಲಿ ಕಂಡುಕೊಂಡು ಕ್ರಮ ಕೈಗೊಳ್ಳಲಿಲ್ಲವೆಂಬುದು ಮಂಡಳಿಯ ಮುಖ್ಯ ಆಕ್ಷೇಪಣೆ. ಆ ಸ್ಥಿತಿಗೆ ತಕ್ಕುದಲ್ಲದ ವೇಗದಲ್ಲಿ ವಾಹನಗಳು ಬರುತ್ತಿದ್ದವೆಂಬುದನ್ನೂ ಅದು ಎತ್ತಿ ಹೇಳಿತು. ಹವಾಮಾನಕ್ಕೆ ತಕ್ಕಂತೆ ವೇಗಮಿತಿಯನ್ನು ಇಳಿಸಿ ತೋರಿಸುವ ಫಲಕಗಳು ಬೇಕೆಂದು ಶಿಫಾರಸು ಮಾಡಿತು. ಅವಿಲ್ಲದ ಕಡೆ ಫಲಕ 75 ಎಂದೇ ತೋರಿಸುತ್ತಿರುತ್ತದೆ, ರಸ್ತೆ ಗಾಜಾಗಿದ್ದರೂ ಸಹ. ಫಲಕದ ವೇಗ ಒಣ ರಸ್ತೆಗೆ ಕೊಟ್ಟ ಅನುಮತಿಯೇ ಹೊರತು ಆಜ್ಞೆಯಲ್ಲವೆಂಬುದನ್ನು ಹೊಸ ದೇಶಕ್ಕೆ ಹೋದ ನಮ್ಮ ಹುಡುಗರು ಬಹಳ ಸಲ ಮರೆಯುತ್ತಾರೆ. ಎಲ್ಲರೂ ಅಷ್ಟು ವೇಗದಲ್ಲಿ ಹೋಗುತ್ತಿರುವಾಗ ನಾನೊಬ್ಬನೇ ನಿಧಾನಿಸಿದರೆ ಹಿಂದಿನವರು ಏನೆಂದುಕೊಂಡಾರು ಎಂಬ ಸಂಕೋಚ ಪರದೇಶದಲ್ಲಿ ಇನ್ನೂ ಹೆಚ್ಚು.

ಇಲ್ಲಿ ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು. ಶಾಲೆಯಲ್ಲಿ ಭೌತಶಾಸ್ತ್ರ ಓದಿದ ಮಕ್ಕಳು ಇದನ್ನು ಮನೆಯ ಹಿರಿಯರಿಗೆ ವಿವರಿಸಬಲ್ಲರು. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.7. ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ ಕಾರು ಒಣ ರಸ್ತೆಯಲ್ಲಿ ಸುಮಾರು 56 ಮೀಟರಿಗೆ ನಿಂತರೆ, ಗಡ್ಡೆಯ ಮೇಲೆ ಸುಮಾರು 390 ಮೀಟರು ಸಾಗುತ್ತದೆ. ಬ್ರೇಕ್ ಒತ್ತಬೇಕೆಂದು ತಿಳಿದು ಕಾಲು ಆಡುವವರೆಗಿನ ದೂರ ಇದರಲ್ಲಿ ಸೇರಿಲ್ಲ. ಫೋರ್ಟ್‌ವರ್ತಿನ ಪಥಗಳ 120 ಕಿಲೋಮೀಟರ್ ವೇಗದಲ್ಲಿಯಾದರೆ ಈ ದೂರ ಅರ್ಧ ಕಿಲೋಮೀಟರನ್ನು ದಾಟುತ್ತದೆ. ಕತ್ತಲಲ್ಲಿ ಕಾರಿನ ದೀಪ ಬೆಳಗುವುದೇ ಅದರ ಒಂದು ಅಂಶವನ್ನು ಮಾತ್ರ. ಅದೇ ಕಾರು 50 ಕಿಲೋಮೀಟರ್ ವೇಗದಲ್ಲಿದ್ದರೆ ಗಡ್ಡೆಯ ಮೇಲೂ ನೂರು ಮೀಟರಿನೊಳಗೆ ನಿಲ್ಲುತ್ತದೆ. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಇದು ನಿಸರ್ಗ ಚಾಲಕನಿಗೆ ಕೊಟ್ಟಿರುವ ದೊಡ್ಡ ರಿಯಾಯಿತಿ. ರಸ್ತೆ, ಹವಾಮಾನ, ಹಿಂದೆ ಬರುವ ಟ್ರಕ್ಕು ಯಾವುದೂ ಅವನ ಕೈಯಲ್ಲಿಲ್ಲ. ವೇಗ ಮಾತ್ರ ಇದೆ. ಸರಕು ತುಂಬಿದ ಅಮೆರಿಕದ ಟ್ರಕ್ಕು 36 ಟನ್ನಿನವರೆಗೂ ತೂಗಬಹುದೆಂಬುದನ್ನು ಇದರೊಂದಿಗೆ ನೆನೆದುಕೊಂಡರೆ, ಮುಂದಿನ ವಾಹನದಿಂದ ಮಾತ್ರವಲ್ಲ, ಹಿಂದಿನದರಿಂದಲೂ ದೂರವಿರಬೇಕಾದ ಕಾರಣ ತಿಳಿಯುತ್ತದೆ.

ದೊಡ್ಡ ವಾಹನವಿದ್ದರೆ ಭಯವಿಲ್ಲವೆಂಬ ನಂಬಿಕೆ ನಮ್ಮವರಲ್ಲಿ ಬೇರೂರಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ವಾಹನ ಹಿಮದಲ್ಲಿ ಹೊರಡಲು, ಏರು ಹತ್ತಲು ನೆರವಾಗುವುದು ನಿಜ. ಆದರೆ ಬ್ರೇಕು ಪ್ರತಿಯೊಂದು ಕಾರಿನಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ನಿಲ್ಲಿಸುವ ಕಾರ್ಯದಲ್ಲಿ ದುಬಾರಿ ವಾಹನಕ್ಕೆ ಹೆಚ್ಚಿನ ಅನುಕೂಲವಿಲ್ಲ. ಬೇಗ ಹೊರಡಲು ಬಂದದ್ದರಿಂದ ಬೇಗ ನಿಲ್ಲಲೂ ಬರುತ್ತದೆಂಬ ಭ್ರಾಂತಿಯೊಂದು ಮಾತ್ರ ಹೆಚ್ಚಾಗಿ ದೊರೆಯುತ್ತದೆ.

ಹಣ ಖರ್ಚು ಮಾಡುವುದಾದರೆ ಟೈರಿಗೆ ಮಾಡಲಿ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆದುವಾಗಿಯೇ ಉಳಿದು ರಸ್ತೆಯನ್ನು ಹಿಡಿಯುತ್ತದೆ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತಿರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನಿಂದಲೇ ಕಡ್ಡಾಯ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಂಥ ಕಡ್ಡಾಯವಿಲ್ಲ. ವಿದ್ಯಾರ್ಥಿಗಳು ನಾಲ್ಕು ಜನ ಕೂಡಿ ಕೊಳ್ಳುವ ಹಳೆಯ ಕಾರಿನಲ್ಲಿ ಚಳಿಗಾಲದ ಟೈರಿನ ಮಾತಿರಲಿ, ಇರುವ ಟೈರೇ ಬೋಳಾಗಿರುವುದುಂಟು. ಮನೆಯಿಂದ ಹಣ ಕಳಿಸುವ ತಂದೆಯರು ಪುಸ್ತಕದ ಖರ್ಚು ಕೇಳುವಂತೆಯೇ ಟೈರಿನ ಸ್ಥಿತಿಯನ್ನೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಉಪ್ಪಿನ ವಿಷಯ ಸ್ವಾರಸ್ಯವಾದದ್ದು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವೆಂಬ ಸರಳ ನಿಯಮವನ್ನು ನಂಬಿಕೊಂಡು ಅಮೆರಿಕ ತನ್ನ ರಸ್ತೆಗಳಿಗೆ ವರ್ಷಕ್ಕೆ ಕೋಟ್ಯಂತರ ಟನ್ ಉಪ್ಪನ್ನು ಸುರಿಯುತ್ತದೆ. ಡೆಟ್ರಾಯಿಟ್ ನಗರದ ತಳದಲ್ಲಿ ಸುಮಾರು 350 ಮೀಟರ್ ಆಳದಲ್ಲಿ ದೊಡ್ಡದೊಂದು ಉಪ್ಪಿನ ಗಣಿಯಿದೆ. ಅಲ್ಲಿಂದ ತೆಗೆದ ಉಪ್ಪು ರಸ್ತೆಗಳಿಗೆ ಹೋಗುತ್ತದೆ. ಆದರೆ ಉಪ್ಪಿಗೂ ಮಿತಿಯುಂಟು. ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿಳಿದರೆ ಸಾಧಾರಣ ಉಪ್ಪಿನ ಶಕ್ತಿ ಬಹಳವಾಗಿ ಕುಂದುತ್ತದೆ. ಮಳೆ ಬಂದರೆ ಸಿಂಪಡಿಸಿದ್ದೂ ಕೊಚ್ಚಿಹೋಗುತ್ತದೆ. ಉಪ್ಪು ಹಾಕುವ, ಹಿಮ ತಳ್ಳುವ ಯಂತ್ರವಾಹನ ಮುಂದೆ ನಿಧಾನವಾಗಿ ಹೋಗುತ್ತಿದ್ದರೆ ಅದನ್ನು ಹಿಂದಿಕ್ಕಲು ಆತುರಪಡುವವರಿದ್ದಾರೆ. ಅದರ ಹಿಂದಿನ ರಸ್ತೆ ಹಸನಾಗಿರುತ್ತದೆ, ಮುಂದಿನದು ಹಾಗಿರುವುದಿಲ್ಲ ಎಂಬ ಸಾಮಾನ್ಯ ವಿವೇಕವೂ ಅವಸರಕ್ಕೆ ಹೊಳೆಯುವುದಿಲ್ಲ.

ಕಾಣದ ಗಡ್ಡೆಯನ್ನು ತಿಳಿಯುವುದು ಹೇಗೆ? ಅನುಭವಸ್ಥರು ಕಂಡುಕೊಂಡ ಕೆಲವು ಕುರುಹುಗಳಿವೆ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದೆ, ಆದರೆ ಮುಂದಿನ ವಾಹನದ ಚಕ್ರಗಳಿಂದ ನೀರಿನ ಸಿಂಚನ ಏಳುತ್ತಿಲ್ಲವೆಂದರೆ, ಅದು ನೀರಲ್ಲ. ಟೈರಿನ ಮೊರೆತ ಇದ್ದಕ್ಕಿದ್ದಂತೆ ಅಡಗಿ ಕಾರಿನೊಳಗೆ ನಿಶ್ಶಬ್ದವಾದರೆ, ಸ್ಟೀರಿಂಗ್ ಕೈಗೆ ಹಗುರವೆನಿಸಿದರೆ, ಚಕ್ರಗಳು ರಸ್ತೆಯ ಹಿಡಿತವನ್ನು ಬಿಟ್ಟಿವೆಯೆಂದು ತಿಳಿಯಬೇಕು. ಪಕ್ಕದ ಕನ್ನಡಿಯ ಅಂಚಿನಲ್ಲಿ, ಗಾಜನ್ನು ಒರೆಸುವ ಕಡ್ಡಿಯಲ್ಲಿ ಗಡ್ಡೆ ಕಟ್ಟತೊಡಗಿದ್ದರೆ ರಸ್ತೆಯ ಮೇಲೂ ಕಟ್ಟುತ್ತಿದೆ.

ಕಾರು ಜಾರಿದಾಗ ಮಾಡಬೇಕಾದದ್ದು ಹೇಳಲು ಸುಲಭ, ಮಾಡಲು ಕಷ್ಟ. ವೇಗ ಕೊಡುವ ಪೆಡಲಿನಿಂದ ಕಾಲು ತೆಗೆಯಬೇಕು. ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟು ಆ ಕಡೆಗೇ ಸ್ಟೀರಿಂಗನ್ನು ಮೃದುವಾಗಿ ತಿರುಗಿಸಬೇಕು. ಹಿಡಿತ ಮರಳುವವರೆಗೆ ಕಾಯಬೇಕು. ಮನುಷ್ಯನ ಸ್ವಭಾವ ಇದಕ್ಕೆ ವಿರುದ್ಧ. ಢಿಕ್ಕಿಯಾಗಲಿರುವ ಕಂಬವನ್ನೇ ಕಣ್ಣು ನೆಟ್ಟು ನೋಡುತ್ತದೆ, ಕಣ್ಣು ಹೋದ ಕಡೆಗೆ ಕೈಯೂ ಹೋಗುತ್ತದೆ. ಚಕ್ರ ಕಟ್ಟಿಬೀಳದಂತೆ ತಡೆಯುವ ಎ.ಬಿ.ಎಸ್. ಎಂಬ ಸಾಧನವಿರುವ ಕಾರಿನಲ್ಲಿ ತುರ್ತಾಗಿ ನಿಲ್ಲಿಸಲೇಬೇಕಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಆಗ ಕಾಲಿನಡಿಯಲ್ಲಿ ಪೆಡಲು ಗಡಗಡನೆ ನಡುಗುತ್ತದೆ. ಹೊಸಬರು ಇದನ್ನು ಕಂಡು ಏನೋ ಮುರಿಯಿತೆಂದು ಹೆದರಿ ಕಾಲು ಬಿಟ್ಟುಬಿಡುತ್ತಾರೆ. ಅದು ಸಾಧನ ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ಬಿಡಬಾರದು. ಒಂದೇ ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು ಒದ್ದೆ, ಹಿಮ, ಗಡ್ಡೆಗಳ ರಸ್ತೆಯಲ್ಲಿ ಬಳಸಲೇಬಾರದು. ಇವೆಲ್ಲ ಓದಿ ಬರುವ ವಿದ್ಯೆಯಲ್ಲ. ಮೊದಲ ಹಿಮ ಬಿದ್ದ ದಿನ ವಿಶಾಲವಾದ ಖಾಲಿ ಬಯಲಿನಲ್ಲಿ, ಅನುಮತಿ ಪಡೆದು, ಅನುಭವಿ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬೇಕೆಂದೇ ಜಾರಿಸಿ ನೋಡುವುದು ಅಲ್ಲಿನ ಮನೆಗಳಲ್ಲಿ ಹದಿಹರೆಯದ ಮಕ್ಕಳಿಗೆ ಕೊಡುವ ಪಾಠ. ನಮ್ಮ ಮಕ್ಕಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಅದನ್ನು ಕಲಿಯಲು ನಾಚಬೇಕಿಲ್ಲ.

ಢಿಕ್ಕಿಯಾಗದೆ ಕೇವಲ ಸಿಲುಕಿಕೊಂಡಾಗಲೂ ಅಪಾಯ ತಪ್ಪುವುದಿಲ್ಲ. 2022ರ ಜನವರಿ 3 ಮತ್ತು 4ರಂದು ವರ್ಜೀನಿಯಾದಲ್ಲಿ ಅಂತರರಾಜ್ಯ ಹೆದ್ದಾರಿ 95ರ ಮೇಲೆ ಹತ್ತಾರು ಮೈಲಿಗಳ ಉದ್ದಕ್ಕೆ ನೂರಾರು ವಾಹನಗಳು ರಾತ್ರಿಯಿಡೀ ನಿಂತುಬಿಟ್ಟವು. ಮಳೆಯಾಗಿ ಆರಂಭವಾದದ್ದು ಹಿಮವಾಗಿ ಮಾರ್ಪಟ್ಟಿತ್ತು. ಅಡ್ಡವಾದ ಟ್ರಕ್ಕುಗಳಿಂದ ದಾರಿ ಮುಚ್ಚಿತ್ತು. ಹಾಗೆ ಸಿಲುಕಿದವರಲ್ಲಿ ಅಮೆರಿಕದ ಸೆನೆಟ್ ಸದಸ್ಯ ಟಿಮ್ ಕೇನ್ ಅವರೂ ಒಬ್ಬರು. ರಿಚ್ಮಂಡಿನಿಂದ ವಾಷಿಂಗ್ಟನ್ನಿಗೆ ಎರಡು ಗಂಟೆಯ ದಾರಿ. ಅವರಿಗೆ 27 ಗಂಟೆ ಹಿಡಿಯಿತು. ಪಕ್ಕದಲ್ಲಿ ಸಿಲುಕಿದ್ದ ಕುಟುಂಬವೊಂದು ಕಿತ್ತಳೆಹಣ್ಣು ಹಂಚಿತೆಂದು ಅವರೇ ನಂತರ ಹೇಳಿಕೊಂಡರು. ಅಲ್ಲಿ ಯಾರೂ ಸಾಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಪ್ರದೇಶದ ಮೇಲೆರಗಿದ ಹಿಮಬಿರುಗಾಳಿ ಅಷ್ಟು ದಯೆ ತೋರಲಿಲ್ಲ. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೆಲವರ ದೇಹಗಳು ಹಿಮದಲ್ಲಿ ಹೂತ ಕಾರುಗಳಲ್ಲೇ ದೊರೆತವು.

ಹೀಗೆ ಸಿಲುಕಿದಾಗ ಚಳಿಯಷ್ಟೇ ಕೊಲ್ಲುವುದಿಲ್ಲ. ಕಾರಿನ ಹಿಂಭಾಗದ ಹೊಗೆಕೊಳವೆಯನ್ನು ಹಿಮ ಮುಚ್ಚಿದ್ದರೆ, ಬೆಚ್ಚಗಿರಲೆಂದು ಎಂಜಿನ್ ಚಾಲೂ ಮಾಡಿ ಕುಳಿತವರ ಬಳಿಗೆ ಕಾರ್ಬನ್ ಮಾನಾಕ್ಸೈಡ್ ಅನಿಲ ನುಗ್ಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ನಿದ್ದೆ ಬಂದಂತಾಗಿ ಜೀವ ಹೋಗುತ್ತದೆ. ತಂದೆ ಹೊರಗೆ ನಿಂತು ಹಿಮವನ್ನು ತೋಡುತ್ತಿರುವಾಗ, ಬೆಚ್ಚಗಿರಲೆಂದು ಒಳಗೆ ಕೂರಿಸಿದ ಮಕ್ಕಳಿಗೂ ಇದೇ ಗತಿಯಾಗಬಹುದು. ಮೊದಲು ಕೊಳವೆಯನ್ನು ಹಿಮದಿಂದ ಬಿಡಿಸಬೇಕು. ಗಾಳಿ ಬೀಸದ ಕಡೆಯ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಎಂಜಿನ್ ನಡೆಸಬೇಕು. ಹಿಮ ಸುರಿಯುತ್ತಿರುವಾಗ ಕಾರನ್ನು ಬಿಟ್ಟು ನಡೆದು ಹೋಗುವ ಸಾಹಸ ಬೇಡ; ಹತ್ತು ಹೆಜ್ಜೆ ದೂರದಲ್ಲೇ ದಿಕ್ಕು ತಪ್ಪುತ್ತದೆ. ಕಂಬಳಿ, ಸಲಿಕೆ, ಬ್ಯಾಟರಿ ದೀಪ, ನೀರು, ಅರ್ಧಕ್ಕಿಂತ ಕೆಳಗಿಳಿಯದ ಪೆಟ್ರೋಲು ಇವಿಷ್ಟಿದ್ದರೆ ರಾತ್ರಿ ಕಳೆಯಬಹುದು. ಊರಿಂದ ಕಳಿಸಿದ ಶೇಂಗಾ ಚಿಕ್ಕಿ, ಅವಲಕ್ಕಿ, ಖಡಕ್ ರೊಟ್ಟಿಗಳಿಗೆ ಅಡುಗೆಮನೆಯ ಡಬ್ಬಿಗಿಂತ ಕಾರಿನ ಡಿಕ್ಕಿ ಉತ್ತಮ ಸ್ಥಳವೆಂದರೆ ತಾಯಂದಿರು ನಗಬಾರದು.

ಇನ್ನೊಂದು ವಿಷಯವನ್ನು ಹಿರಿಯರಿಗಾಗಿಯೇ ಹೇಳಬೇಕಾಗಿದೆ. ಮಗಳ ಬಾಣಂತನಕ್ಕೆಂದು ಇಲ್ಲಿಂದ ಹೋಗುವ ತಾಯಿತಂದೆಯರು ಬಹುಪಾಲು ಕುಳಿತುಕೊಳ್ಳುವುದು ಕಾರಿನ ಹಿಂದಿನ ಆಸನದಲ್ಲಿ. ಹಿಂದೆ ಕುಳಿತವರಿಗೆ ಬೆಲ್ಟು ಏಕೆಂಬ ಉದಾಸೀನ ನಮ್ಮಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಮುಂಬಯಿಯ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಹಿಂದಿನ ಆಸನದಲ್ಲಿ ಬೆಲ್ಟು ಧರಿಸಿರಲಿಲ್ಲವೆಂಬುದು ದೇಶವ್ಯಾಪಿ ಚರ್ಚೆಯಾಯಿತು. ಅದು ಹಿಮವಿಲ್ಲದ ರಸ್ತೆ. ಗಡ್ಡೆಯ ಮೇಲೆ ಕಾರು ಬುಗುರಿಯಂತೆ ತಿರುಗುವಾಗ ಬೆಲ್ಟಿಲ್ಲದ ಶರೀರ ಒಳಗಿರುವ ಎಲ್ಲರಿಗೂ ಬಡಿಯುವ ಗುಂಡಿನಂತಾಗುತ್ತದೆ. ಸೀರೆ ಮುದುಡುತ್ತದೆ, ಉಸಿರು ಕಟ್ಟುತ್ತದೆ ಎಂಬ ನೆಪಗಳನ್ನು ಊರಿನಲ್ಲಿಯೇ ಬಿಟ್ಟು ಹೋಗಬೇಕು.

ಮೊಮ್ಮಗುವಿನ ವಿಷಯದಲ್ಲಂತೂ ಅಜ್ಜಿಯ ಮಡಿಲು ಎಷ್ಟೇ ಬೆಚ್ಚಗಿದ್ದರೂ ಕಾರಿನಲ್ಲಿ ಅದಕ್ಕೆ ಅವಕಾಶವಿಲ್ಲ. ಮಗುವಿಗೆ ಅದರದೇ ಆಸನ ಕಡ್ಡಾಯ. ಇಲ್ಲಿಯೂ ಚಳಿಗಾಲಕ್ಕೆ ಸಂಬಂಧಿಸಿದ ಸೂಕ್ಷ್ಮವೊಂದಿದೆ. ಮಗುವಿಗೆ ದಪ್ಪನೆಯ, ಹತ್ತಿಯಂತೆ ಉಬ್ಬಿದ ಕೋಟು ತೊಡಿಸಿ ಅದರ ಮೇಲೆ ಪಟ್ಟಿ ಕಟ್ಟಿದರೆ ಬಿಗಿಯಾಗಿದೆಯೆಂದು ತೋರುತ್ತದೆ. ಢಿಕ್ಕಿಯಾದಾಗ ಕೋಟಿನೊಳಗಿನ ಗಾಳಿ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ, ಮಗು ಜಾರಿಹೋಗುತ್ತದೆ. ತೆಳುವಾದ ಉಡುಪಿನ ಮೇಲೆ ಪಟ್ಟಿಯನ್ನು ಬಿಗಿದು, ಪಟ್ಟಿಯ ಮೇಲೆ ಕಂಬಳಿ ಹೊದಿಸುವುದೇ ಸರಿ. ಮಗಳು ಹೀಗೆ ಮಾಡುವುದನ್ನು ಕಂಡು ‘ಕೂಸನ್ನು ಚಳಿಗೆ ಹಾಕಿದಳು’ ಎಂದು ನೊಂದುಕೊಳ್ಳುವ ಅಜ್ಜಿಯರು ಕಾರಣವನ್ನು ಮೊದಲೇ ತಿಳಿದಿರಲಿ.

ಅಮೆರಿಕದವರೆಗೂ ಹೋಗದೆ ಗಡ್ಡೆಯ ರಸ್ತೆಯನ್ನು ಕಾಣುವವರೂ ಈಗ ನಮ್ಮಲ್ಲಿ ಹೆಚ್ಚಾಗಿದ್ದಾರೆ. 2020ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕಣಿವೆಯ ಕೆಳಗಿನ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಚಳಿಗಾಲದಲ್ಲಿಯೂ ಲಾಹೌಲಿನವರೆಗೆ ಹೋಗಿಬರುವುದು ಪ್ರವಾಸಿಗರಿಗೆ ಸುಲಭವಾಗಿದೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಹಿಮಪಾತಕ್ಕೆ ಸಿಲುಕಿ ಸುಮಾರು ಒಂದು ಸಾವಿರ ವಾಹನಗಳು ನಿಂತಿದ್ದವು. ಅಲ್ಲಿ ಹೆದ್ದಾರಿಯ ಗೋಡೆಯ ಬದಲು ಕಣಿವೆಯಿರುತ್ತದೆ. ಬೆಂಗಳೂರಿನಿಂದ ಸ್ವಂತ ಕಾರು ಓಡಿಸಿಕೊಂಡು ಹೋದ ಹುಮ್ಮಸ್ಸನ್ನು ಮನಾಲಿಯಲ್ಲಿ ನಿಲ್ಲಿಸಿ, ಮುಂದಿನ ದಾರಿಗೆ ಚಕ್ರಕ್ಕೆ ಸರಪಳಿ ಕಟ್ಟಲು ಬಲ್ಲ ಸ್ಥಳೀಯ ಚಾಲಕನನ್ನು ನಂಬುವುದು ಲೇಸು.

ಮತ್ತೆ ಅಮೆರಿಕದ ಮಾತಿಗೆ ಬಂದರೆ, ನಮ್ಮವರು ಅಲ್ಲಿ ಚಳಿಗಾಲದಲ್ಲಿ ದೂರ ಪ್ರಯಾಣ ಮಾಡುವುದು ಉದ್ಯೋಗಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾಣಲು. ಗೃಹಪ್ರವೇಶ, ನಾಮಕರಣ, ಕ್ರಿಸ್‌ಮಸ್ ರಜೆಯ ಭೇಟಿ, ಕನ್ನಡ ಕೂಟಗಳ ಸಂಕ್ರಾಂತಿ ಎಲ್ಲವೂ ಬರುವುದು ಡಿಸೆಂಬರ್, ಜನವರಿ ತಿಂಗಳುಗಳಲ್ಲೇ. ಮುನ್ನೂರು ಕಿಲೋಮೀಟರ್ ದೂರದಿಂದ ಮೂರು ಸಂಸಾರ, ಮಕ್ಕಳೊಂದಿಗೆ ಬರುತ್ತೇವೆಂದು ಮಾತು ಕೊಟ್ಟಿರುತ್ತಾರೆ. ಹವಾಮಾನ ಕೆಟ್ಟಾಗ ಮಾತು ತಪ್ಪಲು ದಾಕ್ಷಿಣ್ಯ. ಅಡುಗೆ ಮಾಡಿ ಕಾದಿರುವವರನ್ನು ನೋಯಿಸಲು ಮನಸ್ಸಿಲ್ಲ. ಈ ದಾಕ್ಷಿಣ್ಯ ನಮ್ಮ ಸಂಸ್ಕಾರದ ಚೆಲುವು. ಗಡ್ಡೆಯ ರಸ್ತೆಯ ಮೇಲೆ ಮಾತ್ರ ಅದು ವೇಗವನ್ನು ಹೆಚ್ಚಿಸುವ ಇನ್ನೊಂದು ಪೆಡಲು. ಕರೆದವರೇ ಹಿಂದಿನ ರಾತ್ರಿ ದೂರವಾಣಿ ಮಾಡಿ ‘ನಾಳೆ ರಸ್ತೆ ಸರಿಯಿಲ್ಲವಂತೆ, ಹೊರಡಬೇಡಿ’ ಎಂದುಬಿಟ್ಟರೆ ಬರುವವರ ಭಾರ ಇಳಿಯುತ್ತದೆ. ಕೂಟದ ಪದಾಧಿಕಾರಿಗಳು ಸಭಾಂಗಣವನ್ನು ಕಾದಿರಿಸುವಾಗಲೇ ಫೆಬ್ರವರಿಯ ಇನ್ನೊಂದು ದಿನಾಂಕವನ್ನು ಕೇಳಿಟ್ಟುಕೊಂಡು, ಆಮಂತ್ರಣದಲ್ಲಿಯೇ ಅದನ್ನೂ ಅಚ್ಚು ಹಾಕಿಸಬಹುದು. ರಸ್ತೆಯ ಸ್ಥಿತಿಯನ್ನು ತಿಳಿಯಲು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ 511 ಎಂಬ ಸಂಖ್ಯೆಯಿದೆ. ಹೊರಡುವ ಮುನ್ನ ಅದನ್ನು ಒತ್ತಿದರೆ ಸಾಕು.

ಇಲ್ಲಿರುವ ನಾವು ಮಾಡಬಹುದಾದದ್ದೂ ಇದೆ. ನಮಗೆ ಸಂಜೆಯಾದಾಗ ಅವರಿಗೆ ಬೆಳಗಿನ ಹೊತ್ತು. ಊಟಕ್ಕೆ ಮುಂಚೆ ಮಗನ ದನಿ ಕೇಳೋಣವೆಂದು ನಾವು ಕರೆ ಮಾಡುವ ಗಳಿಗೆಯಲ್ಲಿ ಅವನು ಕೆಲಸಕ್ಕೆ ಹೊರಟು ಸೇತುವೆಯ ಮೇಲಿರುತ್ತಾನೆ. ಚಳಿಗಾಲದ ನಾಲ್ಕು ತಿಂಗಳಾದರೂ, ಅವನು ಕಚೇರಿ ತಲುಪಿ ತಾನಾಗಿ ಕರೆಯುವವರೆಗೆ ಕಾಯುವ ಏರ್ಪಾಟನ್ನು ಮನೆಯವರೆಲ್ಲ ಕೂಡಿ ಮಾಡಿಕೊಳ್ಳಬಹುದು. ಕರೆ ಅರ್ಧ ಗಂಟೆ ತಡವಾದರೆ, ಅಂದು ಅವನು ನಿಧಾನವಾಗಿ ಹೋಗಿದ್ದಾನೆಂದು ತಿಳಿಯಬೇಕು.